ಅರಿಶಿನ–ಅಶ್ವಗಂಧ ಕ್ಯಾಪ್ಸೂಲು: ಡಬ್ಬಿ ಮೇಲೆ ಎಷ್ಟು, ರಕ್ತದೊಳಗೆ ಎಷ್ಟು

ರಾಯಚೂರಿನ ಸ್ಟೇಷನ್ ರೋಡಿನಿಂದ ತೀನ್ ಕಂದೀಲ್ ಕಡೆ ನಡೆದರೆ ಸಾಕು, ಮೆಡಿಕಲ್ ಅಂಗಡಿಗಳ ಕೌಂಟರಿನಲ್ಲಿ ಹಳದಿ ಡಬ್ಬಿಗಳು ಕಣ್ಣಿಗೆ ಬೀಳುತ್ತವೆ. ಹೆಸರು ಬೇರೆ ಬೇರೆ, ಒಳಗಿನ ಹೂರಣ ಹೆಚ್ಚುಕಡಿಮೆ ಒಂದೇ. ಇಲ್ಲಿ ನೋಡುತ್ತಿರುವುದು ಆ ಜಾತಿಯ ಡಬ್ಬಿಯನ್ನು, ಯಾವುದೋ ಒಂದು ಕಂಪನಿಯನ್ನಲ್ಲ. ಪ್ರತಿ ಕ್ಯಾಪ್ಸೂಲಿನಲ್ಲಿ ಅರಿಶಿನದ ಸಾರ 500 ಮಿ.ಗ್ರಾಂ (ಶೇ. 95 ಕರ್ಕ್ಯುಮಿನಾಯ್ಡ್), ಕಾಳುಮೆಣಸಿನ ಪೈಪರಿನ್ 5 ಮಿ.ಗ್ರಾಂ, ಅಶ್ವಗಂಧ ಬೇರಿನ ಸಾರ 150 ಮಿ.ಗ್ರಾಂ. ದಿನಕ್ಕೆ ಎರಡು. ಡಬ್ಬಿಗೆ ಅರವತ್ತು, ಅಂದರೆ ಒಂದು ತಿಂಗಳಿಗೆ.

ಡಬ್ಬಿಯ ಮೇಲೆ ‘ಇಮ್ಯುನಿಟಿ’, ‘ಸ್ಟ್ರೆಸ್’, ‘ಕಾರ್ಟಿಸಾಲ್ ಕಂಟ್ರೋಲ್’ (ಕಾರ್ಟಿಸಾಲ್ ಅಂದರೆ ಸ್ಟ್ರೆಸ್ ಹಾರ್ಮೋನು) ಎಂದು ಇರುತ್ತದೆ. ‘ಕ್ಯಾನ್ಸರ್’ ಎಂಬ ಪದ ಎಲ್ಲೂ ಇರುವುದಿಲ್ಲ. ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ನಿಷೇಧಿಸಿದೆ. ಅದಕ್ಕೇ ಆ ಮಾತು ಅಚ್ಚಾಗುವುದಿಲ್ಲ, ಬಾಯಲ್ಲಿ ಬರುತ್ತದೆ.

“ಅಣ್ಣಾ, ನಮ್ಮ ಅವ್ವಗ ಕೀಮೋ ನಡದದ. ಇದು ಕೊಟ್ರ ನಡೀತದೇನ್ರಿ?”

“ಕೊಡ್ರಿ, ಏನೂ ಆಗಂಗಿಲ್ಲ. ಅರಿಶಿನ ಅಲ್ರಿ, ನ್ಯಾಚುರಲ್ ಅದ.”

ಈ ವಿಮರ್ಶೆ ಬರೆಯಬೇಕಾದದ್ದೇ ಆ ಒಂದು ಉತ್ತರದ ಸಲುವಾಗಿ. ಅಂಕ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೇರೆ ಗುಳಿಗೆ ಏನೂ ನುಂಗದ ಆರೋಗ್ಯವಂತರಿಗೆ ಐದಕ್ಕೆ ಎರಡು. ಕೀಮೋ ನಡೆಯುತ್ತಿರುವವರಿಗೆ ಸೊನ್ನೆ.

ಮೊದಲು ಲೇಬಲ್ಲಿನ ಲೆಕ್ಕ. ಇದರಲ್ಲಿ ಮೋಸವಿಲ್ಲ. 500 ಮಿ.ಗ್ರಾಂ ಸಾರದಲ್ಲಿ ಶೇ. 95 ಎಂದರೆ 475 ಮಿ.ಗ್ರಾಂ ಕರ್ಕ್ಯುಮಿನಾಯ್ಡ್. ಅದು ಮೂರು ಅಣುಗಳ ಬೆರಕೆ: ಕರ್ಕ್ಯುಮಿನ್, ಡಿಮೆಥಾಕ್ಸಿ ಕರ್ಕ್ಯುಮಿನ್, ಬಿಸ್‌ಡಿಮೆಥಾಕ್ಸಿ ಕರ್ಕ್ಯುಮಿನ್. ನಾಲ್ಕರಲ್ಲಿ ಮೂರು ಪಾಲು ಮೊದಲನೆಯದು. ಆದರೆ ಪಕ್ಕದಲ್ಲೇ ಅಗ್ಗಕ್ಕೆ ಸಿಗುವ ಡಬ್ಬಿಯಲ್ಲಿ ‘ಹರಿದ್ರಾ 500 ಮಿ.ಗ್ರಾಂ’ ಎಂದಷ್ಟೇ ಇದ್ದರೆ ಕಥೆ ಬೇರೆ. ಅದು ಬರೀ ಅರಿಶಿನ ಪುಡಿ. ಪುಡಿಯಲ್ಲಿ ಕರ್ಕ್ಯುಮಿನಾಯ್ಡ್ ಶೇ. 3ರ ಆಸುಪಾಸು, ಅಂದರೆ ಕ್ಯಾಪ್ಸೂಲಿಗೆ 15 ಮಿ.ಗ್ರಾಂ. ಎರಡರ ಮೇಲೂ 500 ಎಂದೇ ಬರೆದಿರುತ್ತದೆ, ನಡುವೆ ಮೂವತ್ತು ಪಟ್ಟು ಅಂತರ. ‘ಸಾರ’ ಎಂಬ ಪದ ಮತ್ತು ಶೇಕಡಾ ಎರಡೂ ಇಲ್ಲದ ಡಬ್ಬಿಗೆ ದುಡ್ಡು ಕೊಡುವುದಕ್ಕಿಂತ ಕಿರಾಣಿ ಅಂಗಡಿಯ ಅರಿಶಿನ ಕೊಳ್ಳುವುದು ಲೇಸು.

ಈಗ ಒಂದು ಕ್ಯಾಪ್ಸೂಲು ಬಿಚ್ಚಿ ನೋಡಿ. ಅರ್ಧ ಲೋಟ ನೀರಿಗೆ ಸುರಿದು ಕಲಕಿದರೆ ಪುಡಿ ಕರಗುವುದಿಲ್ಲ. ಸ್ವಲ್ಪ ತೇಲುತ್ತದೆ, ಸ್ವಲ್ಪ ಗೋಡೆಗೆ ಅಂಟುತ್ತದೆ, ಉಳಿದದ್ದು ತಳ ಸೇರುತ್ತದೆ, ನೀರು ತೆಳು ಹಳದಿಯಾಗಿ ಮಾತ್ರ ನಿಲ್ಲುತ್ತದೆ. ಕರ್ಕ್ಯುಮಿನ್‌ಗೂ ನೀರಿಗೂ ಆಗಿಬರುವುದಿಲ್ಲ. ಇನ್ನೊಂದು ಚಿಟಿಕೆಯನ್ನು ಬಿಳಿ ತಟ್ಟೆಯಲ್ಲಿ ಹಾಕಿ ಎಲೆಅಡಿಕೆಗೆ ಹಚ್ಚುವ ಸುಣ್ಣದ ತಿಳಿನೀರು ಎರಡು ಹನಿ ಬಿಡಿ. ಕೂಡಲೇ ಕೆಂಪಾಗುತ್ತದೆ. ಕುಂಕುಮ ಮಾಡುವುದೂ, ಅರಿಶಿನ ಬಿದ್ದ ಅಂಗಿಗೆ ಸಾಬೂನು ಹಚ್ಚಿದಾಗ ಕೆಂಪೇಳುವುದೂ ಇದೇ ರಸಾಯನ. ತಟ್ಟೆಯನ್ನು ಹಾಗೇ ಬಿಟ್ಟರೆ ಕೆಂಪು ನಿಧಾನಕ್ಕೆ ಮಾಸಿ ಕಂದಾಗುತ್ತದೆ. ಬಣ್ಣ ಮಾಸುವುದೆಂದರೆ ಅಣು ಒಡೆಯುವುದು.

ಸುಣ್ಣದಷ್ಟು ತೀಕ್ಷ್ಣ ಕ್ಷಾರವೇ ಬೇಕೆಂದಿಲ್ಲ. ಪಿಎಚ್ 7.2, ಉಷ್ಣತೆ 37 ಡಿಗ್ರಿ, ಅಂದರೆ ನಮ್ಮ ರಕ್ತಕ್ಕೆ ಹತ್ತಿರದ ಸ್ಥಿತಿಯ ಬಫರ್ ದ್ರಾವಣದಲ್ಲಿ ಕರ್ಕ್ಯುಮಿನ್ನಿನ ಶೇ. 90ರಷ್ಟು ಅರ್ಧ ಗಂಟೆಯೊಳಗೆ ಒಡೆದುಹೋಗುತ್ತದೆ. ರಕ್ತದ ಪ್ರೋಟೀನಿಗೆ ಅಂಟಿಕೊಂಡರೆ ತುಸು ಹೆಚ್ಚು ಹೊತ್ತು ಬಾಳುತ್ತದೆ. ಹೊಟ್ಟೆಯ ಆಮ್ಲದಲ್ಲಿ ಗಟ್ಟಿಯಾಗಿರುತ್ತದೆ, ಆದರೆ ಅಲ್ಲಿ ಕರಗುವುದಿಲ್ಲ. ಕರುಳಿಗಿಳಿದು ಒಂದಿಷ್ಟು ಕರಗಿದರೆ ಅಲ್ಲಿನ ಗೋಡೆಯೂ ಪಿತ್ತಜನಕಾಂಗವೂ ಅದಕ್ಕೆ ಗ್ಲುಕುರಾನಿಕ್ ಆಮ್ಲವನ್ನೋ ಸಲ್ಫೇಟನ್ನೋ ಅಂಟಿಸಿ ಹೊರಗೆ ದಬ್ಬುತ್ತವೆ. ಉಳಿದದ್ದು ಮಲದಲ್ಲಿ.

ಇಲ್ಲಿ ಪೈಪರಿನ್ ಬರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಿಂದ 1998ರಲ್ಲಿ ಪ್ರಕಟವಾದ ಅಧ್ಯಯನವೇ ಈ ಎಲ್ಲ ಡಬ್ಬಿಗಳ ಬೇರು. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ಜನರಲ್ಲಿ ರಕ್ತಕ್ಕೆ ಸೇರುವ ಪ್ರಮಾಣ ಶೇ. 2000 ಹೆಚ್ಚಿತು. ನೂರಕ್ಕೆ ಒಂದು ಎಂಬ ಆ ಪ್ರಮಾಣವೇ ಕ್ಯಾಪ್ಸೂಲಿನಲ್ಲಿ 500ಕ್ಕೆ 5 ಆಗಿ ಕೂತಿದೆ. ಡಬ್ಬಿಯ ಮೇಲೆ ‘20 ಪಟ್ಟು ಹೀರಿಕೆ’ ಎಂದು ದಪ್ಪಕ್ಷರದಲ್ಲಿ ಇರುವುದೂ ಅದೇ. ಸುಳ್ಳಲ್ಲ. ಆದರೆ ಯಾವುದರ ಇಪ್ಪತ್ತು ಪಟ್ಟು? ಬರೀ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಸಿಕ್ಕದ್ದು ಮಿಲಿಲೀಟರಿಗೆ 0.006 ಮೈಕ್ರೊಗ್ರಾಂ, ಅಳತೆಗೇ ಸಿಗುವುದು ಕಷ್ಟ ಎನ್ನುವಷ್ಟು. ಪೈಪರಿನ್ ಸೇರಿದ ಮೇಲೆ ಶಿಖರ 0.18 ಮೈಕ್ರೊಗ್ರಾಂ, ಅದೂ ಮುಕ್ಕಾಲು ಗಂಟೆಯ ಹೊತ್ತಿಗೆ. ಮೋಲಾರ್ ಲೆಕ್ಕದಲ್ಲಿ ಅರ್ಧ ಮೈಕ್ರೊಮೋಲಾರ್. ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯಿಸಲು ಸಾಮಾನ್ಯವಾಗಿ ಸುರಿಯುವುದು 5ರಿಂದ 50 ಮೈಕ್ರೊಮೋಲಾರ್. ಒಂದು ಕ್ಯಾಪ್ಸೂಲು ಆ 2 ಗ್ರಾಮಿನ ಕಾಲುಭಾಗ ಎನ್ನುವುದನ್ನೂ ಮರೆಯುವಂತಿಲ್ಲ.

ತಟ್ಟೆಯಲ್ಲಿ ಸಾಯುವುದನ್ನೂ ಪೂರ್ತಿ ನಂಬುವಂತಿಲ್ಲ. ಕರ್ಕ್ಯುಮಿನ್ ತಾನೇ ಹೊಳೆಯುವ ಅಣು, ಹೊಳಪು ಅಳೆಯುವ ಪರೀಕ್ಷೆಯನ್ನು ದಾರಿ ತಪ್ಪಿಸುತ್ತದೆ. ಲೋಹ ಹಿಡಿಯುತ್ತದೆ, ಪ್ರೋಟೀನಿನ ಸಿಸ್ಟೀನ್ ಎಲ್ಲಿ ಸಿಕ್ಕರೂ ಅಂಟುತ್ತದೆ, ಕೋಶದ ಪೊರೆಯನ್ನು ಕದಡುತ್ತದೆ. ಹೀಗಾಗಿ ಯಾವ ಪರೀಕ್ಷೆಗೆ ಹಾಕಿದರೂ ‘ಕೆಲಸ ಮಾಡಿತು’ ಎಂದೇ ಉತ್ತರ. ಔಷಧ ರಸಾಯನದವರು ಇಂಥ ಅಣುಗಳನ್ನು ಪೇನ್ಸ್ ಎಂದು ಕರೆಯುತ್ತಾರೆ. 2017ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಸೇರಿ ಬರೆದ ದೀರ್ಘ ವಿಮರ್ಶಾಲೇಖನ 120ಕ್ಕೂ ಹೆಚ್ಚು ಕ್ಲಿನಿಕಲ್ ಟ್ರಯಲ್‌ಗಳ ಲೆಕ್ಕ ಮುಂದಿಟ್ಟು ನೇರವಾಗಿಯೇ ಹೇಳಿತು: ಅಸ್ಥಿರ, ಎಲ್ಲದಕ್ಕೂ ಅಂಟುವ, ರಕ್ತಕ್ಕೆ ಸೇರದ ಅಣು ಇದು, ಔಷಧವಾಗುವ ದಾರಿ ದೂರ. ಅರಿಶಿನದ ಮೇಲೆ ನಮಗಿರುವ ಗೌರವಕ್ಕೂ ಇದಕ್ಕೂ ಸಂಬಂಧವಿಲ್ಲ. ಸಾರಿಗೆ ಹಾಕುವ ಅರಿಶಿನದ ತಂಟೆಗೆ ಯಾರೂ ಹೋಗಿಲ್ಲ.

ಹಾಗಾದರೆ ಕೆಲಸ ಮಾಡದ ಕ್ಯಾಪ್ಸೂಲು ಕೆಡುಕೇಕೆ ಮಾಡಬೇಕು? ಕೆಲಸ ಮಾಡುವ ಭಾಗ ಒಂದಿದೆ, ಅದು ಪೈಪರಿನ್. ಕರ್ಕ್ಯುಮಿನ್ನಿಗೆ ಬಾಗಿಲು ತೆರೆಯಲಿಕ್ಕೆ ಅದು ಮುಚ್ಚುವುದು ಗ್ಲುಕುರಾನೈಡ್ ಅಂಟಿಸುವ ಕಿಣ್ವಗಳನ್ನು, ಜೊತೆಗೆ ಮದ್ದುಗಳನ್ನು ಒಡೆಯುವ ಸಿವೈಪಿ3ಎ4 ಎಂಬ ಕಿಣ್ವವನ್ನು, ಮದ್ದನ್ನು ಕೋಶದಿಂದ ಹೊರದಬ್ಬುವ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪನ್ನು. ಈ ಮೂರೂ ಕರ್ಕ್ಯುಮಿನ್ನಿನ ಸ್ವಂತ ಆಸ್ತಿಯಲ್ಲ. ಡೋಸೆಟ್ಯಾಕ್ಸೆಲ್, ಎಟೊಪೊಸೈಡ್, ವಿನ್‌ಕ್ರಿಸ್ಟಿನ್ ಎಂಬ ಕೀಮೋ ಮದ್ದುಗಳು ದೇಹದಿಂದ ಹೊರಬೀಳುವುದು ಸಿವೈಪಿ3ಎ ದಾರಿಯಲ್ಲೇ. ಪ್ಯಾಕ್ಲಿಟ್ಯಾಕ್ಸೆಲ್‌ಗೆ ಅದು ಎರಡನೇ ದಾರಿ. ಇರಿನೊಟಿಕ್ಯಾನ್‌ನ ವಿಷಭಾಗ ಹೊರಹೋಗಲು ಗ್ಲುಕುರಾನೈಡ್ ಅಂಟಲೇಬೇಕು. ಅಂಟದಿದ್ದರೆ ಭೇದಿ, ಬಿಳಿರಕ್ತಕಣ ಕುಸಿತ. ಪೈಪರಿನ್ ದಿನಕ್ಕೆ 20 ಮಿ.ಗ್ರಾಂನಂತೆ ಒಂದು ವಾರ ಕೊಟ್ಟಾಗ ಬಿಪಿಯ ಪ್ರೊಪ್ರನೊಲಾಲ್, ಉಬ್ಬಸದ ಥಿಯೋಫಿಲಿನ್ ಎರಡರ ರಕ್ತಮಟ್ಟವೂ ಏರಿದ್ದು 1991ರಲ್ಲೇ ದಾಖಲಾಗಿದೆ.

ಏರುವುದೇ ಆಗುತ್ತದೆ ಎಂದೂ ಹೇಳಲಾಗದು. ನೆದರ್ಲೆಂಡ್ಸಿನ 2019ರ ಅಧ್ಯಯನದಲ್ಲಿ ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದ ಹೆಂಗಸರಿಗೆ ಕರ್ಕ್ಯುಮಿನ್ 1200 ಮಿ.ಗ್ರಾಂ, ಪೈಪರಿನ್ 10 ಮಿ.ಗ್ರಾಂ, ದಿನಕ್ಕೆ ಮೂರು ಸಲ ಕೊಟ್ಟರು. ಟಮಾಕ್ಸಿಫೆನ್ ಮೈಯೊಳಗೆ ಎಂಡಾಕ್ಸಿಫೆನ್ ಆದ ಮೇಲೆಯೇ ಅದರ ಮುಖ್ಯ ಕೆಲಸ. ಆ ಎಂಡಾಕ್ಸಿಫೆನ್ ಶೇ. 12ರಷ್ಟು ಇಳಿಯಿತು. ಹದಿನಾರೇ ಜನರ ಸಣ್ಣ ಅಧ್ಯಯನ, ಇಳಿಕೆಯೂ ದೊಡ್ಡದಲ್ಲ. ಆದರೆ ಮೊದಲೇ ಅಂಚಿನಲ್ಲಿದ್ದವರು ಪರಿಣಾಮಕಾರಿ ಮಟ್ಟದ ಕೆಳಗೆ ಜಾರಿದರೆ ಐದು ವರ್ಷ ನಿಷ್ಠೆಯಿಂದ ನುಂಗಿದ ಗುಳಿಗೆಗೆ ಏನು ಬೆಲೆ? “5 ಮಿ.ಗ್ರಾಂ ಪೈಪರಿನ್ ಅಂದ್ರ ಎರಡು ಕಾಳು ಮೆಣಸು, ಅಷ್ಟು ಸಾರಿನೊಳಗೂ ಇರ್ತದಲ್ಲ” ಎನ್ನುವವರಿದ್ದಾರೆ. ಲೆಕ್ಕ ಸರಿ. ಒಂದು ದಿನದ ಸಾರಿನ ಮಾತಾದರೆ ಒಪ್ಪೋಣ. ಬೇರ್ಪಡಿಸಿದ ಪೈಪರಿನ್ನನ್ನು ಬೆಳಿಗ್ಗೆ ಸಂಜೆ ತಿಂಗಳುಗಟ್ಟಲೆ, ಕೀಮೋ ಗುಳಿಗೆಯ ಜೊತೆಜೊತೆಗೇ ನುಂಗುವುದು ಸಾರು ಉಂಡಂತಲ್ಲ.

ಅಶ್ವಗಂಧಕ್ಕೆ ಬರೋಣ, ನಮ್ಮ ಕಡೆಯ ಹಿರೇಮದ್ದು. ಕಾರ್ಟಿಸಾಲ್ ಇಳಿಸುತ್ತದೆ ಎಂಬ ಮಾತಿಗೆ ಆಧಾರ 2012ರ ಒಂದು ಭಾರತೀಯ ಟ್ರಯಲ್: 64 ಜನ, ಬೇರಿನ ಸಾರ 300 ಮಿ.ಗ್ರಾಂ ದಿನಕ್ಕೆರಡು ಸಲ, 60 ದಿನ. ಕಾರ್ಟಿಸಾಲ್ ಶೇ. 28ರಷ್ಟು ಇಳಿಯಿತು. ನಮ್ಮ ಡಬ್ಬಿಯಲ್ಲಿ ದಿನಕ್ಕೆ ಸಿಗುವುದು 600 ಅಲ್ಲ, 300. ಟ್ರಯಲಿನ ಫಲಿತಾಂಶ ಇಡಿಯಾಗಿ ಬೇಕು, ಮದ್ದು ಅರ್ಧ ಸಾಕು ಎಂಬ ವ್ಯಾಪಾರ. ಅಶ್ವಗಂಧದ ಮುಖ್ಯ ಅಂಶವಾದ ವಿಥನೊಲೈಡ್‌ಗಳ ಶೇಕಡಾವಾರು ಬರೆಯದ ಡಬ್ಬಿಗಳಲ್ಲಿ ಆ ಅರ್ಧಕ್ಕೂ ಖಾತ್ರಿಯಿಲ್ಲ.

ಅಶ್ವಗಂಧದಲ್ಲಿ ಕ್ಯಾನ್ಸರ್ ಸಂಶೋಧಕರ ಕಣ್ಣು ನೆಟ್ಟಿರುವುದು ವಿಥಫೆರಿನ್-ಎ ಮೇಲೆ. ಅದು ನಿಜಕ್ಕೂ ಕುತೂಹಲದ ಅಣು: ಸ್ಟೀರಾಯ್ಡ್ ಚೌಕಟ್ಟು, ಒಂದು ಕಡೆ ಎಪಾಕ್ಸೈಡ್, ಪಕ್ಕದಲ್ಲಿ ಸಿಸ್ಟೀನಿಗೆ ಅಂಟುವ ಕೀಟೋನ್. ವಿಮೆಂಟಿನ್ ಎಂಬ ಪ್ರೋಟೀನಿಗೆ ಅದು ಹೋಗಿ ಕಚ್ಚಿಕೊಳ್ಳುವ ಜಾಗ ಕೂಡ ಗೊತ್ತಾಗಿದೆ. ಆದರೆ ಅದು ತುಂಬಿರುವುದು ಎಲೆಯಲ್ಲಿ, ಬೇರಿನಲ್ಲಿ ಬಹಳ ಕಡಿಮೆ. ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಸೂಚಿಸಿದೆ. ಅಂದರೆ ಲೇಬಲ್ ಪ್ರಾಮಾಣಿಕವಾಗಿದ್ದು ಬರೀ ಬೇರೇ ಇದ್ದರೆ ಕ್ಯಾನ್ಸರ್ ಮಾತು ಬಿದ್ದುಹೋಯಿತು. ಎಲೆ ಬೆರೆಸಿದ್ದರೆ ಸುರಕ್ಷತೆಯ ಮಾತು ಬಿದ್ದುಹೋಯಿತು.

ಕೀಮೋ ಮನೆಗಳಲ್ಲಿ ಈ ಡಬ್ಬಿ ಹೆಚ್ಚು ಖರ್ಚಾಗುವುದು ಯಾವ ರಾತ್ರಿ ಎಂದು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗದ್ದರಿಂದ ಕ್ರೆಮೊಫೋರ್ ಎಂಬ ಹರಳೆಣ್ಣೆಯ ರೂಪಾಂತರ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿರುತ್ತಾರೆ. ಆ ಕ್ರೆಮೊಫೋರ್ ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ಅದನ್ನು ತಡೆಯಲು ಡೆಕ್ಸಾಮೆಥಸೋನ್ 20 ಮಿ.ಗ್ರಾಂ ಗುಳಿಗೆ, ಸಲೈನ್ ಹಚ್ಚುವ 12 ತಾಸು ಮೊದಲು ಒಮ್ಮೆ, 6 ತಾಸು ಮೊದಲು ಇನ್ನೊಮ್ಮೆ. (ಕೆಲವು ಆಸ್ಪತ್ರೆಗಳು ಗುಳಿಗೆ ಬಿಟ್ಟು ಅರ್ಧ ತಾಸು ಮೊದಲು ಇಂಜೆಕ್ಷನ್ನೇ ಕೊಡುತ್ತವೆ. ಯಾವುದು ಎಂದು ಬರೆಸಿಕೊಂಡಿರಬೇಕು.) ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಬೆಳಿಗ್ಗೆ 10ಕ್ಕೆ ಸಲೈನ್ ಎಂದರೆ ರಾತ್ರಿ 10ಕ್ಕೆ ಮತ್ತು ನಸುಕಿನ 4ಕ್ಕೆ, ರೈಲಿನಲ್ಲೇ. 4 ಮಿ.ಗ್ರಾಂ ಗುಳಿಗೆಯಾದರೆ ಒಂದು ಸಲಕ್ಕೆ ಐದು. ಅಂಗಡಿಯಲ್ಲಿ 0.5 ಮಿ.ಗ್ರಾಂ ಪಟ್ಟಿ ಕೈಗೆ ಬಂದಿದ್ದರೆ ಅದೇ ಡೋಸಿಗೆ ನಲವತ್ತು ಗುಳಿಗೆ. ಐದೇ ನುಂಗಿ ಹೋದರೆ ಎಂಟನೇ ಒಂದು ಭಾಗದ ರಕ್ಷಣೆ. ಪಟ್ಟಿಯ ಮೇಲಿನ ಅಂಕಿ ನೋಡದೆ ಎಣಿಸಬೇಡಿ.

ಡೆಕ್ಸಾಮೆಥಸೋನ್ ಅಂದರೆ ಏನು? ಸ್ಟ್ರೆಸ್ ಹಾರ್ಮೋನಾದ ಕಾರ್ಟಿಸಾಲಿನ ಬೀಗಕ್ಕೆಂದೇ ಅರೆದು ಹರಿತಮಾಡಿದ ಕೀಲಿಕೈ. ಕಾರ್ಟಿಸಾಲಿನ ಅಣುವಿಗೆ ಒಂದು ಫ್ಲೋರಿನ್, ಒಂದು ಮೀಥೈಲ್, ಮೊದಲ ಉಂಗುರದಲ್ಲಿ ಒಂದು ಜೋಡಿಬಂಧ ಹೆಚ್ಚಿಗೆ ಸೇರಿಸಿದ್ದಾರೆ. ಅಷ್ಟಕ್ಕೇ ಅದರ 0.75 ಮಿ.ಗ್ರಾಂ 20 ಮಿ.ಗ್ರಾಂ ಹೈಡ್ರೊಕಾರ್ಟಿಸೋನಿಗೆ ಸಮ. ಆ ಬೀಗವೇ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್; ಅದು ಜೀವಕೋಶದೊಳಗೆ ಎಚ್‌ಎಸ್‌ಪಿ90 ಎಂಬ ಪ್ರೋಟೀನಿನ ತೆಕ್ಕೆಯಲ್ಲಿ ಕಾದಿರುತ್ತದೆ. ಹಾರ್ಮೋನು ಕೂತ ಕೂಡಲೇ ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನುಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಆ ಎರಡು ಡೋಸುಗಳಲ್ಲಿ ಒಂದೇ 530 ಮಿ.ಗ್ರಾಂ ಹೈಡ್ರೊಕಾರ್ಟಿಸೋನಿಗೆ ಸಮ. ದೇಹ ತಾನಾಗಿ ದಿನಕ್ಕೆ ಮಾಡುವುದು ಹೆಚ್ಚೆಂದರೆ 20.

ಆ ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಡವಗುಟ್ಟುತ್ತದೆ, ಮುಖ ಕೆಂಪಗೆ, ಸಕ್ಕರೆ 300 ದಾಟಬಹುದು. ಮನೆಯವರು ‘ಟೆನ್ಷನ್ ಮಾಡ್ಕೊಂಡಾಳ’ ಎಂದು ಅಶ್ವಗಂಧ ಕೊಡುತ್ತಾರೆ. ಟೆನ್ಷನ್ ಇರಬಹುದು, ಆದರೆ ರಿಸೆಪ್ಟರಿನಲ್ಲಿ ಆಗಲೇ ಕೂತಿರುವುದು ಡೆಕ್ಸಾ. ಬೇರಿನ ಸಾರಕ್ಕೆ ಅದನ್ನು ಎಬ್ಬಿಸುವ ಶಕ್ತಿಯಿಲ್ಲ. ಎಬ್ಬಿಸಲೂಬಾರದು, ಅಲರ್ಜಿ ತಡೆಯುವುದೇ ಅದು. ಸಕ್ಕರೆ ಕಾಯಿಲೆ ಇದ್ದವರಿಗೆ ಬೇಕಾದದ್ದು ಎರಡು ದಿನ ಗ್ಲುಕೋಮೀಟರ್ ಮತ್ತು ಡಾಕ್ಟರು ಮೊದಲೇ ಬರೆದುಕೊಟ್ಟ ಇನ್ಸುಲಿನ್ ಲೆಕ್ಕ.

ಲ್ಯಾಬ್ ರಿಪೋರ್ಟೂ ಮೋಸ ಮಾಡುತ್ತದೆ. ಹೊರಗಿನಿಂದ ಡೆಕ್ಸಾ ಬಂದರೆ ಮೆದುಳು ಕಾರ್ಟಿಸಾಲ್ ಮಾಡುವ ಅಡ್ರಿನಲ್ ಗ್ರಂಥಿಗೆ ‘ಸಾಕು’ ಎನ್ನುತ್ತದೆ, ಸ್ವಂತ ಕಾರ್ಟಿಸಾಲ್ ತಳ ಕಾಣುತ್ತದೆ. ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ಸ್ ಕಾಯಿಲೆಯ ಪತ್ತೆಗೆ ರಾತ್ರಿ 11ಕ್ಕೆ 1 ಮಿ.ಗ್ರಾಂ ಡೆಕ್ಸಾ ಕೊಟ್ಟು ಬೆಳಿಗ್ಗೆ 8ಕ್ಕೆ ರಕ್ತ ತೆಗೆಯುವ ಪರೀಕ್ಷೆಯ ತರ್ಕವೇ ಅದು, ಕಾರ್ಟಿಸಾಲ್ ಡೆಸಿಲೀಟರಿಗೆ 1.8 ಮೈಕ್ರೊಗ್ರಾಂ ಒಳಗೆ ಬಂದರೆ ಸರಿ. 20 ಮಿ.ಗ್ರಾಂ ನುಂಗಿದವರ ಕಾರ್ಟಿಸಾಲ್ ಇಳಿದದ್ದಕ್ಕೆ ಡಬ್ಬಿಗೆ ಶಹಬ್ಬಾಸ್‌ಗಿರಿ ಕೊಡುವುದು ವ್ಯರ್ಥ. ಡೆಕ್ಸಾ ಇಲ್ಲದವರೂ ಎಚ್ಚರ. ಮೊದಲ ಸಲ ಬೆಳಿಗ್ಗೆ 8ಕ್ಕೆ, ಎರಡನೇ ಸಲ ಸಂಜೆ 5ಕ್ಕೆ ರಕ್ತ ಕೊಟ್ಟರೆ ಏನೂ ನುಂಗದೆಯೂ ಅರ್ಧಕ್ಕಿಳಿದಿರುತ್ತದೆ.

ಸ್ಟ್ರೆಸ್ ಹಾರ್ಮೋನನ್ನು ತಡೆದರೆ ಕ್ಯಾನ್ಸರ್ ತಗ್ಗುತ್ತದೆ ಎಂಬ ಮಾತು ಮಾತ್ರ ಗಾಳಿಮಾತಲ್ಲ. ಈ ರಿಸೆಪ್ಟರ್ ಕೆಲವು ಗಡ್ಡೆಗಳಲ್ಲಿ ಕೋಶಗಳನ್ನು ಕೀಮೋದಿಂದ ಕಾಪಾಡುತ್ತದೆ. ಅದಕ್ಕೆಂದೇ ರಿಲಾಕೊರಿಲೆಂಟ್ ಎಂಬ ತಡೆಮದ್ದು ತಯಾರಾಗಿದೆ. ಹಳೆಯ ಮಿಫೆಪ್ರಿಸ್ಟೋನ್ ಪ್ರೊಜೆಸ್ಟರಾನ್ ರಿಸೆಪ್ಟರನ್ನೂ ಮುಚ್ಚುವುದರಿಂದಲೇ ಗರ್ಭಪಾತದ ಗುಳಿಗೆ. ರಿಲಾಕೊರಿಲೆಂಟ್ ಆ ಕಡೆ ಹೋಗದಂತೆ ಸ್ಟೀರಾಯ್ಡ್ ಚೌಕಟ್ಟನ್ನೇ ಬಿಟ್ಟು ಕಟ್ಟಿದ ಅಣು. ಪ್ಲಾಟಿನಮ್ ಕೀಮೋಗೆ ಬಗ್ಗದ ಅಂಡಾಶಯ ಕ್ಯಾನ್ಸರಿನ 381 ಹೆಂಗಸರ ರೊಸೆಲ್ಲಾ ಟ್ರಯಲಿನಲ್ಲಿ ಅದನ್ನು ಸೇರಿಸಿ ಕೊಟ್ಟದ್ದು ಕ್ರೆಮೊಫೋರ್ ಇಲ್ಲದ, ಆಲ್ಬುಮಿನ್‌ಗೆ ಕಟ್ಟಿದ ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ ಜೊತೆ. ಅದಕ್ಕೆ ಡೆಕ್ಸಾ ಮುಂಗುಳಿಗೆ ಬೇಕಿಲ್ಲ. ಒಂದೇ ಬೀಗಕ್ಕೆ ಒಂದು ಕೀಲಿಕೈ ತೆರೆಯಲು, ಇನ್ನೊಂದು ಮುಚ್ಚಲು ಹಾಕುವಂತಿಲ್ಲವಲ್ಲ. 2025ರ ಫಲಿತಾಂಶದಲ್ಲಿ ರೋಗ ಮುಂದುವರಿಯದ ಮಧ್ಯಮ ಅವಧಿ 5.5 ತಿಂಗಳಿಂದ 6.5ಕ್ಕೆ, ಬದುಕಿನ ಅವಧಿ 11.5ರಿಂದ 16ಕ್ಕೆ ಬಂತು. ಅಳೆದು ಕಟ್ಟಿ, ಸಲೈನಿನ ಹಿಂದಿನ ದಿನ, ಆ ದಿನ, ಮರುದಿನ ಎಂದು ಲೆಕ್ಕವಿಟ್ಟು ಕೊಟ್ಟ ಮದ್ದಿನ ಗಳಿಕೆ ಇಷ್ಟು. ಡಬ್ಬಿಯ ‘ಕಾರ್ಟಿಸಾಲ್ ಕಂಟ್ರೋಲ್’ ಈ ಸಾಲಿನಲ್ಲಿ ನಿಲ್ಲುವುದಿಲ್ಲ.

‘ನ್ಯಾಚುರಲ್’ ಎಂಬ ಪದಕ್ಕೆ ನಮ್ಮ ತಕರಾರಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಮರದ ತೊಗಟೆಯಲ್ಲಿ ಸಿಕ್ಕದ್ದು, ವಿನ್‌ಕ್ರಿಸ್ಟಿನ್ ನಮ್ಮ ಅಂಗಳದ ನಿತ್ಯಪುಷ್ಪದ್ದು. ಆದರೆ ವಿನ್‌ಕ್ರಿಸ್ಟಿನ್ ಮದ್ದಾಗಿ ಹೋಗುವುದು ರಕ್ತನಾಳಕ್ಕೆ ಮಾತ್ರ, ದೊಡ್ಡವರಿಗೂ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿ.ಗ್ರಾಂ ಮೀರಿಸುವುದಿಲ್ಲ, ಮೀರಿದರೆ ನರಗಳಿಗೆ ಪೆಟ್ಟು. ಎಲೆಯಲ್ಲಿ ಅದು ಟನ್ನಿಗೆ ಗ್ರಾಂ ಲೆಕ್ಕ, ಜೊತೆಗೆ ನೂರಕ್ಕೂ ಹೆಚ್ಚು ಬೇರೆ ಆಲ್ಕಲಾಯ್ಡ್‌ಗಳು. ಬೆಳಿಗ್ಗೆ ಎದ್ದು ನಿತ್ಯಪುಷ್ಪದ ಎಲೆ ಅಗಿಯುವವರು ಆ ನೂರನ್ನು ಅಗಿಯುತ್ತಾರೆ.

ಇನ್ನು ನಮ್ಮ ಊರಿನ ಬಿಸಿಲು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ರಾಯಚೂರಿನಲ್ಲಿ ‘25 ಡಿಗ್ರಿಯ ಕೆಳಗೆ ಇಡಿ’ ಎಂಬ ಸಾಲು ಓದುವುದೇ ಒಂದು ತಮಾಷೆ. ಒಣಗಿದ ಕರ್ಕ್ಯುಮಿನ್ ಸೆಖೆಗೆ ಅಷ್ಟಾಗಿ ಹೆದರುವುದಿಲ್ಲ, ಹೆದರುವುದು ಬೆಳಕಿಗೆ. ಅಂಗಿಯ ಅರಿಶಿನ ಕಲೆ ಬಿಸಿಲಿಗೆ ಹಾಕಿದರೆ ಹೋಗುತ್ತದಲ್ಲ, ಹಾಗೇ. ಪಾರದರ್ಶಕ ಡಬ್ಬಿಯನ್ನು ಕೌಂಟರಿನ ಗಾಜಿನ ಮುಂದೆ ಜೋಡಿಸಿಟ್ಟ ಅಂಗಡಿಯಲ್ಲಿ ಕೊಳ್ಳಬೇಡಿ, ದಪ್ಪ ಬಿಳಿ ಅಥವಾ ಕಂದು ಡಬ್ಬಿ ಕೇಳಿ. ಸೆಖೆಯ ಪೆಟ್ಟು ಬೀಳುವುದು ಕವಚಕ್ಕೆ. ಜೆಲಟಿನ್ ಕವಚದಲ್ಲಿ ಶೇ. 13ರಿಂದ 16 ನೀರಿರಬೇಕು. ಒಣ ಗಾಳಿಗೆ ನೀರು ಆರಿದರೆ ಬೆರಳಿಗೆ ಸಿಕ್ಕಿ ಪಟ್ಟನೆ ಒಡೆಯುತ್ತದೆ, ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟುತ್ತದೆ. ಅಶ್ವಗಂಧದ ಸಾರ ತೇವ ಎಳೆದು ಗಟ್ಟಿಯಾಗುತ್ತದೆ. ಒಳಗಿನ ಸಿಲಿಕಾ ಪೊಟ್ಟಣ ಎಸೆಯಬೇಡಿ. ಫ್ರಿಜ್‌ನಲ್ಲಿಟ್ಟು ದಿನಾ ತೆಗೆದು ಮುಚ್ಚುವುದೂ ಬೇಡ, ಮುಚ್ಚಳದೊಳಗೆ ಬೆವರು ಕೂರುತ್ತದೆ.

ಕಡೆಯದಾಗಿ ಲಿವರ್. ಅರಿಶಿನದ ಸಾರದಿಂದ ಹೆಪಟೈಟಿಸ್ ಆದ ಪ್ರಕರಣಗಳು 2019ರಲ್ಲಿ ಇಟಲಿಯಲ್ಲಿ ಗುಂಪಾಗಿ ಕಂಡವು. ಅಮೆರಿಕದ 2022ರ ವರದಿಯ ಹತ್ತು ರೋಗಿಗಳಲ್ಲಿ ಏಳು ಮಂದಿಗೆ ಎಚ್‌ಎಲ್‌ಎ-ಬಿ*35:01 ಎಂಬ ಒಂದೇ ವಂಶವಾಹಿ ಗುರುತು ಇತ್ತು. ಅಶ್ವಗಂಧದಿಂದಲೂ ಇಂಥ ವರದಿಗಳಿವೆ. ಒಂದೇ ಡಬ್ಬಿಯಲ್ಲಿ ಎರಡೂ ಇದ್ದಾಗ ಯಾವುದು ಮಾಡಿತೆಂದು ಬಿಡಿಸುವುದು ಕಷ್ಟ, ಕೀಮೋ ಸೇರಿದರೆ ಇನ್ನೂ ಕಷ್ಟ. ಲಿವರಿಗೆ ಪೆಟ್ಟಾದದ್ದನ್ನು ತೋರಿಸುವ ಎಸ್‌ಜಿಪಿಟಿ ಏರಿತೆಂದು ಒಳ್ಳೆಯ ಕೀಮೋವನ್ನೇ ಮುಂದೂಡುವ ಪ್ರಸಂಗ ಬರುತ್ತದೆ. ಮಲ ಹಳದಿಯಾದರೆ ಗಾಬರಿ ಬೇಡ, ಹೀರಿಕೆಯಾಗದ ಕರ್ಕ್ಯುಮಿನ್ ಅದು. ಕಣ್ಣು ಹಳದಿಯಾದರೆ, ಮೂತ್ರ ಚಹಾ ಬಣ್ಣಕ್ಕೆ ತಿರುಗಿದರೆ, ಮೈ ತುರಿಸತೊಡಗಿದರೆ ಆ ದಿನವೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಥವಾ ಥೈರಾಯ್ಡ್ ಗುಳಿಗೆ ಇದ್ದವರು ಡಾಕ್ಟರಿಗೆ ಕೇಳದೆ ಡಬ್ಬಿ ತೆರೆಯಬಾರದು. ಆಪರೇಷನ್ ಗೊತ್ತಾದವರು ಎರಡು ವಾರ ಮೊದಲೇ ಬಿಡಬೇಕು.

ಈಗಾಗಲೇ ನುಂಗುತ್ತಿದ್ದರೆ ಮುಚ್ಚಿಡಬೇಡಿ. ಮುಂದಿನ ಸಲ ಕ್ಯಾನ್ಸರ್ ಡಾಕ್ಟರ ಬಳಿ ಹೋಗುವಾಗ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಳ್ಳಿ, ‘ಅರಿಶಿನದ ಗುಳಿಗಿ’ ಎಂದರೆ ಅವರಿಗೆ ಪೈಪರಿನ್ ಇದೆಯೆಂದು ತಿಳಿಯುವುದಿಲ್ಲ. ಕೊಳ್ಳುವಾಗ ಬ್ಯಾಚ್ ನಂಬರ್ ಇರುವ ಬಿಲ್ ತೆಗೆದುಕೊಳ್ಳಿ, ಖಾಲಿಯಾಗುವವರೆಗೆ ಡಬ್ಬಿ ಎಸೆಯಬೇಡಿ. ಅಡ್ಡಪರಿಣಾಮ ಕಂಡರೆ ರೋಗಿಯ ಮನೆಯವರೇ ಔಷಧಗಳ ಅಡ್ಡಪರಿಣಾಮ ದಾಖಲಿಸುವ ಸರ್ಕಾರಿ ಸಹಾಯವಾಣಿ 1800-180-3024ಕ್ಕೆ ಪುಕ್ಕಟೆ ಕರೆಮಾಡಿ ತಿಳಿಸಬಹುದು, ಅವರು ಕೇಳುವ ವಿವರಗಳಲ್ಲಿ ಆ ಬ್ಯಾಚ್ ನಂಬರೂ ಒಂದು.